ಸಹಾಯ ಬೇಕು: ಹೆಪ್ಪುಗಟ್ಟದ ಮೀನಿನ ಪಾಠಕ್ಕೆ ಒಂದು ಕನ್ನಡ ಪದ, ಒಂದು ಚಿತ್ರ

ಎಲ್ಲರಿಗೂ ನಮಸ್ಕಾರ. ಕರಾವಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀವವಿಕಾಸದ ಪಾಠಕ್ಕೆಂದು ಅಂಟಾರ್ಕ್ಟಿಕಾದ ಮೀನುಗಳ ಬಗ್ಗೆ ಬರೆಯುತ್ತಿದ್ದೇನೆ.

ಅಲ್ಲಿನ ಕಡಲು ಮೈನಸ್ 1.9 ಡಿಗ್ರಿಯವರೆಗೂ ತಣ್ಣಗಾಗುತ್ತದೆ. ಬೇರೆ ಮೀನಾದರೆ ಅದಕ್ಕೂ ಮೊದಲೇ ರಕ್ತ ಹೆಪ್ಪುಗಟ್ಟಿ ಸಾಯುತ್ತದೆ. ಅಲ್ಲೇ ಬದುಕುವ ನೋಟೊಥೆನಿಯಾಯ್ಡ್ ಎಂಬ ಗುಂಪಿನ ಮೀನುಗಳ ರಕ್ತದಲ್ಲಿ ಸಕ್ಕರೆ ಬೆಸೆದ ಪ್ರೋಟೀನೊಂದಿದೆ. ಅದು ಹಿಮದ ಸಣ್ಣ ಹರಳಿಗೆ ಅಂಟಿಕೊಂಡು ಆ ಹರಳನ್ನು ಬೆಳೆಯಲು ಬಿಡುವುದಿಲ್ಲ. 1960ರ ದಶಕದಲ್ಲಿ ವಿಜ್ಞಾನಿ ಆರ್ಥರ್ ಡಿವ್ರೀಸ್ ಇದನ್ನು ಪತ್ತೆಹಚ್ಚಿದರು. ನನ್ನನ್ನು ಬೆರಗುಗೊಳಿಸಿದ್ದು ಅದರ ಮೂಲ: ಜೀರ್ಣಕ್ರಿಯೆಗೆ ಬೇಕಾದ ಟ್ರಿಪ್ಸಿನೋಜನ್‌ನ ಜೀನ್‌ನಿಂದ ಈ ಪ್ರೋಟೀನಿನ ಜೀನ್ ಹುಟ್ಟಿದೆ! ಭೂಮಿಯ ಇನ್ನೊಂದು ತುದಿಯ ಆರ್ಕ್ಟಿಕ್ ಕಾಡ್ ಮೀನು, ಯಾವ ಪ್ರೋಟೀನನ್ನೂ ತಯಾರಿಸದ ಡಿಎನ್ಎಯಿಂದ ಹೆಚ್ಚುಕಡಿಮೆ ಅದೇ ಪ್ರೋಟೀನನ್ನು ಪಡೆದಿದೆ.

ಇದಕ್ಕೆ ‘ಘನೀಭವನ ನಿರೋಧಕ ಪ್ರೋಟೀನು’ ಎಂದು ಬರೆದರೆ ಮಕ್ಕಳ ನಾಲಿಗೆ ತೊಡರುತ್ತದೆ. ‘ಹಿಮತಡೆ ಪ್ರೋಟೀನು’ ಸರಿಯಾದೀತೇ? ಇದಕ್ಕಿಂತ ಒಳ್ಳೆಯ ಪದವಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಕೋರಿಕೆ. ಇದೇ ಗುಂಪಿನ ಐಸ್‌ಫಿಶ್‌ಗಳ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಕೆಂಪು ಹಿಮೋಗ್ಲೋಬಿನ್ ಇಲ್ಲ. ರಕ್ತಕ್ಕೆ ಬಣ್ಣವಿಲ್ಲ, ಕಿವಿರು ಬೆಳ್ಳಗೆ. ತಣ್ಣೀರಿನಲ್ಲಿ ಆಮ್ಲಜನಕ ಹೇರಳವಾಗಿ ಕರಗುವುದರಿಂದ, ದೊಡ್ಡ ಹೃದಯದ ಬಲದಿಂದ ಅವು ಬದುಕುತ್ತವೆ. ನಮ್ಮ ಮಕ್ಕಳು ಬಂಗುಡೆಯ ಕಿವಿರು ಎತ್ತಿ, ಕೆಂಪಗಿದ್ದರೆ ತಾಜಾ ಎನ್ನುವವರು. ಅವರಿಗೆ ಈ ಬಿಳಿ ಕಿವಿರನ್ನು ತೋರಿಸಲೇಬೇಕು. ಶಾಲೆಯಲ್ಲಿ ಮುದ್ರಿಸಲು ಅನುಮತಿಯಿರುವ ಸ್ಪಷ್ಟ ಚಿತ್ರ ಯಾರಲ್ಲಾದರೂ ಇದೆಯೇ? ಬರುವ ಸೋಮವಾರದೊಳಗೆ ಸಿಕ್ಕರೆ ಬಹಳ ಉಪಕಾರವಾಗುತ್ತದೆ.