ಬಿಸು ಕಳೆದ ಮೇಲಿನ ಶನಿವಾರ, ಭಾನುವಾರ: ಐದು ಕಡೆಯ ಆಮಂತ್ರಣ, ಯಾವುದು ಬಿಡುವುದು?

ಕಟಪಾಡಿ ಮಲ್ಲಿಗೆ:

ನಮಸ್ಕಾರ. ನಮ್ಮ ಮನೆ ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ. ಅತ್ತೆ, ಇವರು, ನಾಲ್ಕನೇ ಕ್ಲಾಸ್ ಮುಗಿಸಿದ ಮಗಳು, ನಾನು. ಅಂಗಳದಲ್ಲಿ 45 ಮಲ್ಲಿಗೆ ಗಿಡ. ಬಿಸು (ನಮ್ಮ ತುಳುನಾಡಿನ ಹೊಸ ವರ್ಷ) ಕಳೆದ ಮೇಲಿನ ಶನಿವಾರ, ಭಾನುವಾರಕ್ಕೆ ಐದು ಕಡೆಯ ಹೇಳಿಕೆ, ಅಂದರೆ ಆಮಂತ್ರಣ ಉಂಟು. ಮೂರು ದಿನದಿಂದ ಅದೇ ಯೋಚನೆ.

ಶನಿವಾರ ಬೆಳಿಗ್ಗೆ 8.40ಕ್ಕೆ ಕಾರ್ಕಳದಲ್ಲಿ ಇವರ ಸೋದರಮಾವನ ಮಗನ ಮನೆ ಒಕ್ಕಲು. ಸಂಜೆ 5ಕ್ಕೆ ಉಡುಪಿಯಲ್ಲಿ ಮಗಳ ಬೇಸಿಗೆ ಶಿಬಿರದ ಕೊನೆಯ ದಿನ. ಮಕ್ಕಳ ನಾಟಕ ಉಂಟು, ಅವಳದ್ದು ಕಾಗೆಯ ಪಾರ್ಟು. ಅದೇ ರಾತ್ರಿ ಕಿನ್ನಿಗೋಳಿ ಹತ್ತಿರ ನನ್ನ ತವರಿನ ಕುಟುಂಬದ ಮನೆಯಲ್ಲಿ ಪಂಜುರ್ಲಿ ದೈವದ ನೇಮ (ಕೋಲ). ಭಾನುವಾರ ಬೆಳಿಗ್ಗೆ 7ಕ್ಕೆ ಊರಿನ ದೇವಸ್ಥಾನದ ಕೆರೆಯ ಹೂಳು ತೆಗೆಯುವ ಶ್ರಮದಾನ, ಮನೆಗೊಬ್ಬರು ಬರಬೇಕು. ಮಧ್ಯಾಹ್ನ ಮಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವಳ ಮದುವೆ. ಇದರ ಮಧ್ಯೆ ಅತ್ತೆ ಎರಡು ಹಲಸಿನಕಾಯಿ ಇಳಿಸಿ ಇಟ್ಟಿದ್ದಾರೆ, "ಭಾನುವಾರ ಹಪ್ಪಳ" ಅಂತ.

ಮಲ್ಲಿಗೆಗೆ ರಜೆ ಇಲ್ಲ. ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಬಾಳೆ ನಾರಿನಲ್ಲಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಳೆಗಾಲದಲ್ಲಿ ಒಂದು ಚೆಂಡಿಗೂ ಪರದಾಟ. ಈಗ ಗಿಡ ತುಂಬ ಮೊಗ್ಗು, ಮದುವೆ ಸೀಸನ್ನಿನ ರೇಟು. ಗಿಡದಲ್ಲೇ ಅರಳಲಿಕ್ಕೆ ಬಿಟ್ಟರೆ ಸಂಕಟ ಆಗುತ್ತದೆ. ಇವರು ಮಲ್ಪೆಯಲ್ಲಿ ಐಸ್ ಪ್ಲಾಂಟಿನಲ್ಲಿ ಇರುವುದು. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ, ಬೋಟು ಕಡಲಿಗೆ ಇಳಿಯುವುದಿಲ್ಲ. ಅಲ್ಲಿಯವರೆಗೆ ರಜೆ ಕೇಳಲಿಕ್ಕೇ ಕಷ್ಟ.

ಕಳೆದ ವರ್ಷವೂ ಹೀಗೇ ಆಗಿತ್ತು. ಎಲ್ಲ ಕಡೆ ಮುಖ ತೋರಿಸಿ ಓಡಿದೆ. ಶಿಬಿರಕ್ಕೆ ತಲುಪುವಾಗ ಮಗಳ ಹಾಡು ಮುಗಿದಿತ್ತು. ಮುಖದ ಬಣ್ಣ ಅಳಿಸದೆ ಮೆಟ್ಟಿಲ ಮೇಲೆ ಕೂತಿದ್ದಳು, ನಾನು ಬಂದು ನೋಡಲಿ ಅಂತ. ಅದು ಇನ್ನೂ ಕಣ್ಣ ಮುಂದೆ ಉಂಟು. ಈ ಸಲ ಹಾಗೆ ಆಗಬಾರದು. ನೀವೆಲ್ಲ ಹೇಗೆ ಸುಧಾರಿಸುತ್ತೀರಿ?

ಪಡುಬಿದ್ರಿ ರಾಯರು:

ಮಗಳೇ, ಪತ್ತನಾಜೆ ಮೇ 24ರ ಹೊತ್ತಿಗೆ. ಅದು ಕಳೆದರೆ ನೇಮ ಇಲ್ಲ, ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ಅದಕ್ಕೇ ಎಲ್ಲರೂ ಈ ಐದಾರು ವಾರಗಳಿಗೆ ಜೋತು ಬೀಳುವುದು. ನಿಮ್ಮೊಬ್ಬರ ತೊಂದರೆ ಅಲ್ಲ ಇದು.

ನಮ್ಮ ಮನೆಯಲ್ಲಿ ಒಂದು ಲೆಕ್ಕ ಉಂಟು. ಉಣ್ಣಲಿಕ್ಕೆ ಕರೆದವರು ಯಾರು, ಬಡಿಸಲಿಕ್ಕೆ ಕರೆದವರು ಯಾರು ಅಂತ ನೋಡುತ್ತೇವೆ. ಉಣ್ಣಲಿಕ್ಕೆ ಕರೆದಲ್ಲಿ 500 ಎಲೆಯಲ್ಲಿ ಒಂದು ಎಲೆ ಕಡಿಮೆ ಆದರೆ ಗೊತ್ತಾಗುವುದಿಲ್ಲ. ಬಡಿಸಲಿಕ್ಕೆ ಕರೆದಲ್ಲಿ ಒಬ್ಬರು ತಪ್ಪಿದರೆ ಇನ್ನೊಬ್ಬರ ಬೆನ್ನು ಮುರಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಮಂಗಳೂರಿನ ಮದುವೆ ಮೊದಲನೆಯ ಜಾತಿಯದ್ದು. ವಾರದ ಮಧ್ಯೆ ಒಂದು ಸಂಜೆ ಹುಡುಗಿಯ ಮನೆಗೆ ಹೋಗಿ ಮಾತಾಡಿಸಿ ಬನ್ನಿ. ಮದುವೆಯ ದಿನ ಹೋಗುವವರ ಕೈಯಲ್ಲಿ ನಿಮ್ಮ ಗಿಡದ ಮಲ್ಲಿಗೆ ಒಂದು ಅಟ್ಟೆ ಕೊಟ್ಟು ಕಳಿಸಿ, ಮದುಮಗಳ ಜಡೆಗೆ.

ಕಾರ್ಕಳಕ್ಕೆ ನಿಮ್ಮ ಯಜಮಾನರು ಶುಕ್ರವಾರ ರಾತ್ರಿಯೇ ಹೋಗಲಿ. ಒಕ್ಕಲಿನ ಹಿಂದಿನ ರಾತ್ರಿ ವಾಸ್ತು ಹೋಮ ಇರುತ್ತದೆ. ನಿಜವಾಗಿ ಜನ ಬೇಕಾಗುವುದು ಆಗ. ತರಕಾರಿ ಹೆಚ್ಚಲಿಕ್ಕೆ, ಕುರ್ಚಿ ಇಳಿಸಲಿಕ್ಕೆ ಯಾರೂ ಇರುವುದಿಲ್ಲ. ಬೆಳಿಗ್ಗೆ ಹಾಲು ಉಕ್ಕಿದ ಮೇಲೆ ಕೆಲಸಕ್ಕೆ ಹೊರಡಲಿ, ಯಾರಿಗೂ ಬೇಜಾರಾಗುವುದಿಲ್ಲ.

ಬೆಳ್ಮಣ್ಣಿನ ಅಕ್ಕ:

ನಾನು ಹಪ್ಪಳದ ಬಗ್ಗೆ ಮಾತ್ರ ಹೇಳುತ್ತೇನೆ, ಅದು ಕಾಯುವ ವಸ್ತು ಅಲ್ಲ. ಇಳಿಸಿದ ಕಾಯಿ ನಾಲ್ಕು ದಿನದಲ್ಲಿ ಮೆತ್ತಗಾಗಲು ಶುರು. ಹಣ್ಣಿನ ವಾಸನೆ ಬಂತೆಂದರೆ ಹಪ್ಪಳಕ್ಕೆ ಆಗಲಿಲ್ಲ. ಕರಿಯುವಾಗ ಕೆಂಪಾಗಿ ಕಹಿ ಬರುತ್ತದೆ.

ಶನಿವಾರ ರಾತ್ರಿಯೇ ಬೇಯಿಸಿ ಇಡುತ್ತೇನೆ ಅಂತ ಮಾತ್ರ ಹೊರಡಬೇಡಿ. ಈ ಸೆಕೆಗೆ ಹಿಟ್ಟು ಹುಳಿ ಬರುತ್ತದೆ. ಸೊಳೆ (ಹಲಸಿನ ತೊಳೆ) ಬಿಡಿಸಿ ಬಟ್ಟೆ ಮುಚ್ಚಿ ಇಡಬಹುದು, ಅಷ್ಟೇ. ಭಾನುವಾರ ಬೆಳಿಗ್ಗೆ 6ಕ್ಕೆ ಹಬೆಯಲ್ಲಿ ಇಡಿ. ಬಿಸಿ ಇರುವಾಗಲೇ ಮೆಣಸು, ಕೊತ್ತಂಬರಿ, ಉಪ್ಪು ಸೇರಿಸಿ ಕಡೆಯಬೇಕು, ನೀರು ತಾಗಿಸದೆ. 9ರ ಒಳಗೆ ಚಾಪೆಗೆ ಬಿದ್ದರೆ ಒಳ್ಳೆಯದು. ಮೊದಲ ದಿನದ ಬಿಸಿಲು ಗಟ್ಟಿ ಸಿಕ್ಕರೆ ಮತ್ತೆ ಭಯ ಇಲ್ಲ. ಆದರೆ ಈ ತಿಂಗಳು ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಟ್ಟುತ್ತದೆ, ಒಬ್ಬರ ಕಣ್ಣು ಆಕಾಶದ ಮೇಲೇ ಇರಲಿ.

ಅಕ್ಕಪಕ್ಕದ ಮಕ್ಕಳನ್ನು ಕರೆಯಿರಿ. ರಜೆಯಲ್ಲಿ ಅವರಿಗೂ ಖುಷಿ. ಉಂಡೆ ಮಾಡಲಿಕ್ಕೆ ಸಣ್ಣ ಕೈಯೇ ಚೆಂದ.

ಬಿಜೈ ಹುಡುಗ, ಈಗ ಬೆಂಗಳೂರು:

ಅಕ್ಕ, ನಾಟಕ ಬಿಡಬೇಡಿ. ಬೇರೆ ಯಾವುದಾದರೂ ಬಿಡಿ. ನನ್ನ ಅಪ್ಪನಿಗೆ ಬಸ್ಸಿನ ಡ್ಯೂಟಿ, ಶಾಲೆಯ ಡೇಗೆ ಬರಲಿಕ್ಕೆ ಆಗುತ್ತಿರಲಿಲ್ಲ. ಒಂದೇ ಒಂದು ಸಲ ಯೂನಿಫಾರ್ಮಿನಲ್ಲೇ ಬಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ನಾನು ಆ ದಿನ ಯಾವ ಪಾರ್ಟು ಮಾಡಿದ್ದೆ ಅಂತ ನೆನಪಿಲ್ಲ. ಅಪ್ಪ ನಿಂತ ಜಾಗ ನೆನಪುಂಟು.

ನೇಮಕ್ಕೆ ನಾಟಕ ಮುಗಿಸಿಯೇ ಹೋಗಬಹುದಲ್ವಾ? ಸಂಜೆ ಭಂಡಾರ (ದೈವದ ಆಭರಣ, ಆಯುಧ) ಬಂದು, ಎಣ್ಣೆಬೂಳ್ಯ (ನೇಮ ಕಟ್ಟುವವರಿಗೆ ಎಣ್ಣೆ, ವೀಳ್ಯ ಕೊಡುವುದು) ಆಗಿ, ಊಟ ಮುಗಿದು, ನೇಮ ಶುರುವಾಗುವಾಗ ಹತ್ತು ಗಂಟೆ. ಮಗಳಿಗೆ ಒಂದು ಚಾಪೆ, ಹೊದಿಕೆ ತೆಗೆದುಕೊಂಡು ಹೋಗಿ. ಭಾನುವಾರದ ಮಲ್ಲಿಗೆಯನ್ನು ಪಕ್ಕದ ಮನೆಯವರಿಗೆ ಅರ್ಧಕ್ಕೆ ಕೊಯ್ಯಲಿಕ್ಕೆ ಕೊಡಿ. ಅರ್ಧ ದುಡ್ಡು ಹೋದರೂ ಹೂವು ಹಾಳಾಗುವುದಿಲ್ಲ.

ಕಟಪಾಡಿ ಮಲ್ಲಿಗೆ:

ಎಲ್ಲರಿಗೂ ತುಂಬ ಉಪಕಾರ ಆಯಿತು. ಸೋಮವಾರ ಮಧ್ಯಾಹ್ನ ಬರೆಯುತ್ತಿದ್ದೇನೆ.

ಕಾರ್ಕಳಕ್ಕೆ ಇವರು ಶುಕ್ರವಾರ ಸಂಜೆಯೇ ಹೋದರು. ಅಲ್ಲಿ ಸೌತೆಕಾಯಿ ಹೆಚ್ಚಲಿಕ್ಕೆ ಇವರನ್ನು ಸೇರಿಸಿ ಇದ್ದದ್ದು ಮೂರೇ ಜನವಂತೆ. ರಾಯರೇ, ನೀವು ಹೇಳಿದ ಹಾಗೇ. "ನೀನು ಬಂದದ್ದು ದೊಡ್ಡದಾಯಿತು" ಅಂತ ಮಾವ ಎರಡು ಸಲ ಫೋನ್ ಮಾಡಿದರು. ಮದುವೆಗೆ ಮಲ್ಲಿಗೆ ಹೋಯಿತು. ಜಡೆಯ ಫೋಟೋ ಬಂದಿದೆ.

ನಾಟಕಕ್ಕೆ 4.30ಕ್ಕೇ ಹೋಗಿ ಎರಡನೇ ಸಾಲಿನಲ್ಲಿ ಕೂತೆ. ಕಾಗೆ ಹಾರಿ ಬಂದು ಮೊದಲು ಜನರ ಕಡೆ ನೋಡಿತು. ನನ್ನನ್ನು ಕಂಡ ಮೇಲೆಯೇ "ಕಾ" ಅಂದಿತು. ಟೀಚರ್ ಹೇಳಿಕೊಟ್ಟದ್ದಕ್ಕಿಂತ ಜೋರಾಗಿ. ನನಗೆ ಮುಂದಿನ ಎರಡು ನಿಮಿಷ ಏನೂ ಕಾಣಲಿಲ್ಲ, ಕಣ್ಣು ತುಂಬಿತ್ತು.

ಕಿನ್ನಿಗೋಳಿ ಮುಟ್ಟುವಾಗ ರಾತ್ರಿ 8.30. ಅಮ್ಮ ಊಟಕ್ಕೆ ಕೂರಿಸುವ ಮೊದಲೇ ನನ್ನ ಕೈಯಿಂದ ಹೂವಿನ ಕಟ್ಟು ತೆಗೆದುಕೊಂಡಳು. ದೈವಕ್ಕೆ ಹಿಂಗಾರದ (ಅಡಿಕೆ ಹೂವಿನ) ಜೊತೆ ನಮ್ಮ ಅಂಗಳದ ಮಲ್ಲಿಗೆ. ಮದುವೆಯಾಗಿ ಹನ್ನೆರಡು ವರ್ಷ, ಇದೊಂದು ತಪ್ಪಿಲ್ಲ. ದೈವದ ಕಥೆ ಹಾಡುವ ಪಾಡ್ದನ ಶುರುವಾಗುವಾಗ ಮಗಳು ಚಾಪೆಯ ಮೇಲೆ ನಿದ್ದೆ. ಕಿವಿಯ ಹಿಂದೆ ಕಾಗೆಯ ಕಪ್ಪು ಹಾಗೇ ಉಂಟು. ದೈವದ ಕಾಲಿನ ಗಗ್ಗರದ ಶಬ್ದಕ್ಕೆ ಎದ್ದು ಕೂತಳು. ಮತ್ತೆ ಬೆಳಿಗ್ಗೆಯವರೆಗೆ ಕಣ್ಣು ಮುಚ್ಚಲಿಲ್ಲ. ಗಂಧ ಪ್ರಸಾದ ಸಿಗುವಾಗ 4.30. ಅಣ್ಣ ಕಾರಿನಲ್ಲಿ ಬಿಟ್ಟ.

ಮನೆಗೆ ಬರುವಾಗ ಪಕ್ಕದ ಮನೆಯ ಅಕ್ಕ ಟಾರ್ಚ್ ಹಿಡಿದು ನಮ್ಮ ಗಿಡದ ಬುಡದಲ್ಲಿ ಇದ್ದರು. ಅರ್ಧ ಹಣ ಬೇಡ ಅಂದರು. ನಾನು ಒಪ್ಪಲಿಲ್ಲ. ಇವರು ಗುದ್ದಲಿ ಹಿಡಿದು ಕೆರೆಗೆ ಹೋದರು. ಅತ್ತೆ ಸೊಳೆಯನ್ನು ಆಗಲೇ ಹಬೆಗೆ ಇಟ್ಟಿದ್ದರು. ಮಕ್ಕಳು ಏಳು ಜನ ಬಂದರು. 9.20ಕ್ಕೆ ಮೊದಲ ಚಾಪೆ ತುಂಬಿತು, ಒಟ್ಟು 210 ಹಪ್ಪಳ. ನಾನು ಜಗಲಿಯಲ್ಲಿ ಗೋಡೆಗೆ ಒರಗಿದ್ದಷ್ಟೇ ಗೊತ್ತು, ನಿದ್ದೆ ಹೋಗಿದ್ದೆ.

3.30ಕ್ಕೆ ಗುಡುಗು. ಕಣ್ಣು ಬಿಟ್ಟು ಓಡುವಾಗ ಕೆರೆಯಿಂದ ಬಂದು ನಮ್ಮಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಹುಡುಗರು ಚಾಪೆಗಳನ್ನು ನಾಲ್ಕು ಮೂಲೆ ಹಿಡಿದು ಒಳಗೆ ತರುತ್ತಿದ್ದರು. ಮೊಣಕಾಲಿನವರೆಗೆ ಕೆಸರು. ಅತ್ತೆ "ಕೆಸರು ತಾಗಿಸಬೇಡಿ ಮಕ್ಕಳೇ" ಅಂತ ಕೂಗುವುದು, ಅವರು ನಗುವುದು. ಒಂಬತ್ತು ಹಪ್ಪಳ ಮುರಿಯಿತು. ಮಳೆ ನಾಲ್ಕು ಹನಿ ಹಾಕಿ ಹೋಯಿತು.

ಇವತ್ತು ಒಳ್ಳೆ ಬಿಸಿಲು. ಪುನಃ ಹಾಕಿದ್ದೇವೆ, ಸಂಜೆಯ ಒಳಗೆ ಡಬ್ಬಿಗೆ ತುಂಬಬಹುದು ಅಂತ ಅತ್ತೆ ಹೇಳುತ್ತಿದ್ದಾರೆ. ಬೆಳ್ಮಣ್ಣಿನ ಅಕ್ಕ, ನಿಮಗೆ 25 ತೆಗೆದಿಟ್ಟಿದ್ದೇನೆ. ಶಿರ್ವದ ಕಡೆ ಬರುವಾಗ ಒಂದು ಮಾತು ಹೇಳಿ.