ಅಪ್‌ಡೇಟ್: ಪಾದದ ಅಕ್ಷರಸಂಖ್ಯೆಗೆ ಹೆಸರು ಸಿಕ್ಕಿತು

ಬೇಲೂರು ಕಡೆಯ ಶಾಸನಗಳ ವೃತ್ತಗಳನ್ನು (ಪ್ರತಿ ಪಾದಕ್ಕೂ, ಅಂದರೆ ಸಾಲಿಗೂ, ಅಕ್ಷರಗಳ ಲೆಕ್ಕ ಗೊತ್ತಾಗಿರುವ ಪದ್ಯಗಳನ್ನು) ಓದುವಾಗ, ಪಾದಕ್ಕೆ ಇಂತಿಷ್ಟೇ ಅಕ್ಷರ ಎನ್ನುವುದಕ್ಕೆ ಪಾರಿಭಾಷಿಕ ಹೆಸರಿದೆಯೇ ಎಂದು ಕೇಳಿದ್ದೆನಲ್ಲ, ಇದೆ! 1 ಅಕ್ಷರದ ಉಕ್ತೆಯಿಂದ 26 ಅಕ್ಷರದ ಉತ್ಕೃತಿಯವರೆಗೆ 26 ಛಂದಸ್ಸುಗಳು. ನಮಗೆ ಹೆಚ್ಚು ಬೇಕಾಗುವವು 19 ಅತಿಧೃತಿ, 20 ಕೃತಿ, 21 ಪ್ರಕೃತಿ, 22 ಆಕೃತಿ. ಇದನ್ನು ತಿಳಿಸಿದ ಹಾಸನದ ಮೇಷ್ಟ್ರಿಗೆ ತುಂಬಾ ಧನ್ಯವಾದ.

ಯಾವ ವೃತ್ತವೆಂದು ಗುರುತಿಸಲು ಮಾತ್ರೆ (ಉಚ್ಚಾರದ ಕಾಲದ ಅಳತೆ: ಲಘು ಅಂದರೆ ಹಗುರ ಅಕ್ಷರಕ್ಕೆ 1, ಗುರು ಅಂದರೆ ಭಾರದ ಅಕ್ಷರಕ್ಕೆ 2) ಎಣಿಸಿ ಎಂದು ಬಂದಿದ್ದ ಸಲಹೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಉತ್ಪಲಮಾಲೆ ವೃತ್ತದ ಪಾದಕ್ಕೆ 20 ಅಕ್ಷರ, ಚಂಪಕಮಾಲೆ ವೃತ್ತದ ಪಾದಕ್ಕೆ 21. ಮಾತ್ರೆ ಮಾತ್ರ ಎರಡಕ್ಕೂ 28. ಉತ್ಪಲದ ಮೊದಲ ಗುರುವಿನ ಜಾಗದಲ್ಲಿ ಎರಡು ಲಘು ಬಂದರೆ ಅದೇ ಚಂಪಕ. ಎಷ್ಟು ಚೆಂದದ ಲೆಕ್ಕ ನೋಡಿ!

ಎಣಿಸುವಾಗ ಒತ್ತಕ್ಷರ ಸೇರಿ ಒಂದೇ ಅಕ್ಷರ. ಅನುಸ್ವಾರ, ವಿಸರ್ಗ, ಪದದ ಕೊನೆಯ ವ್ಯಂಜನ ಇವು ಎಣಿಕೆಗಿಲ್ಲ, ಆದರೆ ಹಿಂದಿನ ಅಕ್ಷರವನ್ನು ಗುರು ಮಾಡುತ್ತವೆ. ಹೀಗಾಗಿ ‘ಕನ್ನಡಂ’ ಮೂರೇ ಅಕ್ಷರ: ಗುರು, ಲಘು, ಗುರು. ಹಳಗನ್ನಡದ ಶಿಥಿಲದ್ವಿತ್ವ (ಹಿಂದಿನ ಅಕ್ಷರವನ್ನು ಗುರು ಮಾಡದಂತೆ ತೇಲಿಸಿ ಉಚ್ಚರಿಸುವ ಒತ್ತಕ್ಷರ) ಬಂದಲ್ಲಿ ಹಿಂದಿನದು ಲಘುವಾಗಿಯೇ ಉಳಿಯಬಹುದು, ಅಲ್ಲಿ ಹುಷಾರು.

20 ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. ಮತ್ತೇಭವಿಕ್ರೀಡಿತ ವೃತ್ತವೂ ಕೃತಿಯೇ, ಅಂದರೆ 20 ಅಕ್ಷರದ್ದೇ. ಪಾದ ಗುರುವಿನಿಂದ ಶುರುವಾದರೆ ಉತ್ಪಲ, ಎರಡು ಲಘುವಾದ ಮೇಲೆ ಗುರು ಬಂದರೆ ಮತ್ತೇಭ.

ಕಡೂರು ತಾಲ್ಲೂಕು ದೇವನೂರಿನ ಕವಿ ಲಕ್ಷ್ಮೀಶನ ವಾರ್ಧಕ ಷಟ್ಪದಿಗೆ (ಮಾತ್ರೆ ಎಣಿಸಿ ಕಟ್ಟುವ ಆರು ಸಾಲಿನ ಪದ್ಯಕ್ಕೆ) ಈ ಹೆಸರುಗಳು ಹೊಂದುವುದಿಲ್ಲ. ಅಲ್ಲಿನ ಚಿಕ್ಕ ಸಾಲಿನ 20 ಎಂದರೆ ಮಾತ್ರೆಗಳು.