ಮುದಿ ಕರ್ನಲ್ಲಿಗೊಂದು ಮಾಡ್ಯೂಲು

"ಬಿಸಾಕು ಅದನ್ನ," ಎಂದ ಮಂಜ.

ವಾಸು ಇನ್ನೂ ಸಮಸ್ಯೆ ಏನಂತ ಪೂರ್ತಿ ಹೇಳಿರಲಿಲ್ಲ. "ಸೆಂಟ್‌ಓಎಸ್ 5" ಅಂದಿದ್ದ, ಅಷ್ಟೇ. ಮಂಜನಿಗೆ ಅಷ್ಟು ಸಾಕು. ಹೋದ ವರ್ಷದ ಫೋನನ್ನೇ ಪಳೆಯುಳಿಕೆ ಅನ್ನುವ ಮನುಷ್ಯ ಅವನು. ಇನ್ನು 2007ರಲ್ಲಿ ಹುಟ್ಟಿ, 2017ರ ಮಾರ್ಚ್ 31ಕ್ಕೆ ಅಪ್‌ಡೇಟೂ ನಿಂತುಹೋದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಮೇಲೆ ಅವನಿಗೆ ಕನಿಕರ ಎಲ್ಲಿಂದ ಬರಬೇಕು?

"ಬಿಸಾಕೋಕೆ ಆಗಲ್ಲ ಮಾರಾಯ. ಅದಕ್ಕೊಂದು ಅಳತೆಯ ಉಪಕರಣ ಅಂಟಿಕೊಂಡಿದೆ. ಉಪಕರಣ ನಡೆಸೋ ಡ್ರೈವರ್, ಆ ಸಿಸ್ಟಮ್‌ನ ತಿರುಳಾದ 2.6.18 ಕರ್ನಲ್ ಬಿಟ್ಟು ಬೇರೆ ಕಡೆ ಓಡಲ್ಲ. ಬರೆದವರು ಸೋರ್ಸ್ ಕೋಡೂ ಕೊಟ್ಟಿಲ್ಲ."

"ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೋ," ಎಂದ ಮಂಜ.

ಗೀತಾ ಮಧ್ಯೆ ಬಂದಳು. "ಈಗ ಡೇಟಾ ಹೇಗೆ ಹೊರಗೆ ತರ್ತೀಯ?"

"ಪೆನ್ ಡ್ರೈವಲ್ಲಿ. ತಂದು ನನ್ನ ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಎಎಫ್‌ಎಸ್‌ಗೆ ಏರಿಸ್ತೀನಿ. ಎಲ್ಲರ ಫೈಲೂ ಇರೋದು ಅಲ್ಲೇ. ಆ ಹಳೇ ಯಂತ್ರದಲ್ಲೇ ಎಎಫ್‌ಎಸ್ ಕ್ಲೈಂಟ್ ಕೂರಿಸಿದರೆ ಈ ಓಡಾಟ ತಪ್ಪುತ್ತೆ. ಸೋರ್ಸ್ ಇದೆ. ಸುಮ್ನೆ ಕಂಪೈಲ್ ಮಾಡಿ ಓಡೋ ಪ್ರೋಗ್ರಾಮ್ ಮಾಡ್ಕೊಂಡರೆ ಆಯ್ತು, ಅಲ್ವಾ?"

ಗೀತಾ ಜೋರಾಗಿ ನಕ್ಕಳು. ಅವಳು ಇಂಥ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವಳು. ಅವಳು ಹೀಗೆ ನಕ್ಕರೆ ನಮ್ಮ ಸಂಜೆ ಹೋಯಿತು ಅಂತಲೇ ಲೆಕ್ಕ.

ಎಎಫ್‌ಎಸ್ ಅಂದರೆ ಆಂಡ್ರ್ಯೂ ಫೈಲ್ ಸಿಸ್ಟಮ್. 1980ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವೂ ಐಬಿಎಂ ಕಂಪನಿಯೂ ಸೇರಿ ಮಾಡಿದ ಕೆಲಸ. ಆಂಡ್ರ್ಯೂ ಯಾರು ಅಂತ ಮಂಜ ಕೇಳಿದ. ಕಾರ್ನೆಗಿಯ ಹೆಸರೂ ಆಂಡ್ರ್ಯೂ, ಮೆಲನ್ ಹೆಸರೂ ಆಂಡ್ರ್ಯೂ. ಒಬ್ಬರ ಹೆಸರಿಟ್ಟರೆ ಇನ್ನೊಬ್ಬರಿಗೆ ಬೇಜಾರು ಅನ್ನುವ ತಾಪತ್ರಯವೇ ಇಲ್ಲ. 2000ದಲ್ಲಿ ಐಬಿಎಂ ಅದರ ಸೋರ್ಸ್ ಬಿಟ್ಟುಕೊಟ್ಟಿತು. ಅದೇ ಓಪನ್‌ಎಎಫ್‌ಎಸ್ ಆಯಿತು. ಸರ್ವರ್ ಪ್ರಪಂಚದ ಯಾವ ಮೂಲೆಯಲ್ಲೇ ಇರಲಿ, ಫೈಲುಗಳೆಲ್ಲ ಎಎಫ್‌ಎಸ್ ಅನ್ನುವ ಒಂದೇ ಡೈರೆಕ್ಟರಿಯ ಕೆಳಗೆ ಕಾಣುತ್ತವೆ. ಅದು ಅದರ ಸೊಗಸು.

"ಸೊಗಸೆಲ್ಲ ಸರಿ," ಎಂದಳು ಗೀತಾ. "ಆದರೆ ಬೇರೆ ಪ್ರೋಗ್ರಾಮಿನ ಹಾಗೆ ಇದು ಸಿಸ್ಟಮ್ ಮೇಲೆ ಕೂತು ಓಡಲ್ಲ. ಮಾಡ್ಯೂಲ್ ಅನ್ನೋ ತುಂಡಾಗಿ ಕರ್ನಲ್ ಒಳಗೇ ಹೋಗಿ ಕೂರಬೇಕು. ಬಾಡಿಗೆದಾರನ ಪಾಡು. ಕರ್ನಲ್‌ನವರು ತಮ್ಮ ಮನೆ ಗೋಡೆ ಯಾವಾಗ ಬೇಕಾದರೂ ಒಡೆದು ಕಟ್ತಾರೆ. ಇವನನ್ನ ಕೇಳಲ್ಲ."

"ಸ್ವಂತ ಮನೆ ಮಾಡ್ಕೊಳ್ಳಲಿ. ಕರ್ನಲ್ ಸೋರ್ಸಿಗೇ ಸೇರಿಸಿಬಿಡಲಿ," ಎಂದ ಮಂಜ.

"ಸೇರಿಸೋ ಹಾಗಿಲ್ಲ. ಐಬಿಎಂ ಕೊಟ್ಟ ಲೈಸೆನ್ಸಿಗೂ ಲಿನಕ್ಸಿನ ಲೈಸೆನ್ಸಾದ ಜಿಪಿಎಲ್‌ಗೂ ಆಗಿಬರಲ್ಲ. ಮಾಡ್ಯೂಲ್ ಹಾಕಿದ ತಕ್ಷಣ, ಇದರ ಲೈಸೆನ್ಸಿನಿಂದ ನಾನು ಮೈಲಿಗೆಯಾದೆ ಅಂತ ಕರ್ನಲ್ ಲಾಗಲ್ಲಿ ಬರ್ಕೊಳ್ಳುತ್ತೆ. ಅಲ್ಲಿ ಲೈಸೆನ್ಸಿನ ಹೆಸರೂ ಇರಲ್ಲ, ಒಂದು ವೆಬ್ ವಿಳಾಸ ಇರುತ್ತೆ. ಓದಬೇಕು ಅನ್ನಿಸಿದರೆ ಹೋಗಿ ಓದ್ಕೋ ಅನ್ನೋ ಹಾಗೆ."

ಲಿನಕ್ಸಿನವರದೇ ಒಂದು ಎಎಫ್‌ಎಸ್ ಕ್ಲೈಂಟ್ ಕರ್ನಲ್ ಸೋರ್ಸಲ್ಲಿ ಇದೆಯಲ್ಲ ಅಂತ ನಾನು ನೆನಪಿಸಿದೆ. ಇದೆ, ಆದರೆ 2.6.18ರ ಕಾಲಕ್ಕೆ ಅದಕ್ಕೆ ಓದಲು ಮಾತ್ರ ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ವಾಸುವಿಗೆ ಬೇಕಾಗಿದ್ದು ಬರೆಯುವುದೇ. ಆ ಮಾತು ಅಲ್ಲಿಗೇ ಬಿತ್ತು.

ಆಮೇಲೆ ಓಪನ್‌ಎಎಫ್‌ಎಸ್‌ನ ಯಾವ ಆವೃತ್ತಿ ಅನ್ನುವ ಜಗಳ.

"ಹಳೇ ಸಿಸ್ಟಮ್‌ಗೆ ಹಳೇ ಕ್ಲೈಂಟ್," ಎಂದ ವಾಸು. "ಅದೇ ಕಾಲದ್ದು 1.4 ಇದೆ. ಎರಡೂ ಒಂದೇ ವಯಸ್ಸಿನವು. ಹೊಂದಿಕೊಂಡು ಹೋಗ್ತವೆ."

"ಆ ಎರಡು ಹೊಂದಿಕೊಳ್ಳುತ್ತವೆ ಕಣೋ," ಎಂದಳು ಗೀತಾ. " ನಿನ್ನ ಸರ್ವರ್ ಹೊಂದಿಕೊಳ್ಳಬೇಕಲ್ಲ! ಆಗಿನ ಎಎಫ್‌ಎಸ್‌ಗೆ ಗುರುತು ಪರೀಕ್ಷೆಗೆ ಗೊತ್ತಿದ್ದ ಗುಪ್ತಲಿಪಿ ಡೆಸ್ ಒಂದೇ. ಅದರ ಕೀ ಉದ್ದ 56 ಬಿಟ್. 1998ರಲ್ಲೇ ಅದನ್ನ 56 ಗಂಟೆಯಲ್ಲಿ ಒಡೆದು ತೋರಿಸಿದರು."

"ಬಿಟ್ಟಿಗೊಂದು ಗಂಟೆ. ನ್ಯಾಯವಾದ ಲೆಕ್ಕ," ಎಂದ ಮಂಜ.

"ಓಪನ್‌ಎಎಫ್‌ಎಸ್‌ನವರು ಡೆಸ್ ಕೈಬಿಡೋ ದಾರಿ ಮಾಡಿದ್ದು 2013ರಲ್ಲಿ. ಅದಕ್ಕೇ 1.6 ಸಾಲಿನದಾದರೆ ಕನಿಷ್ಠ 1.6.5 ಬೇಕು. ಅದಕ್ಕಿಂತ ಹಿಂದಿನದನ್ನ ತಗೊಂಡು ಹೋದರೆ ಸರ್ವರ್ ಮುಖ ಎತ್ತಿಯೂ ನೋಡಲ್ಲ."

"ಹಾಗಾದರೆ ಮುಂದಿನದು ಹಾಕಿ. 1.8 ಹಾಕಿ," ಎಂದ ಮಂಜ. ಹೊಸದು ಅಂದರೆ ಅವನ ಕಿವಿ ನೆಟ್ಟಗಾಗುತ್ತದೆ.

ಇಲ್ಲಿ ಗೀತಾ ಒಂದು ಕಥೆ ಹೇಳಿದಳು. ಇವತ್ತಿಗೂ ನನಗೆ ಇಷ್ಟವಾದ ಕಥೆ ಅದು. ಲಿನಕ್ಸಿನಂಥ ಯೂನಿಕ್ಸ್ ಜಾತಿಯ ಸಿಸ್ಟಮ್‌ಗಳಲ್ಲಿ ಕಾಲವನ್ನು 1970ರಿಂದ ಸೆಕೆಂಡ್ ಸೆಕೆಂಡಾಗಿ ಎಣಿಸುತ್ತಾರೆ. 2021ರ ಜನವರಿ 14ರಂದು ಯುಟಿಸಿ ಕಾಲಮಾನದ 8 ಗಂಟೆ 25 ನಿಮಿಷ 36 ಸೆಕೆಂಡಿಗೆ ಆ ಎಣಿಕೆ 1610612736 ಮುಟ್ಟಿತು. ನಮಗೆ ನಿಮಗೆ ಅದು ಯಾವುದೋ ಸಂಖ್ಯೆ. ಹದಿನಾರರ ಲೆಕ್ಕದಲ್ಲಿ ಬರೆದರೆ ಮಾತ್ರ ಆರರ ಮುಂದೆ ಏಳು ಸೊನ್ನೆ. ಸಂಪರ್ಕಕ್ಕೆ ಕೊಡುವ ಗುರುತಿನ ಸಂಖ್ಯೆಯನ್ನು 1.8 ಸಾಲಿನ ಕೋಡ್ ಈ ಗಡಿಯಾರದ ಲೆಕ್ಕದಿಂದ ಹುಟ್ಟಿಸುತ್ತಿತ್ತು. ಆ ಕ್ಷಣದಿಂದ ಲೆಕ್ಕ ಕೆಟ್ಟಿತು. ಹೊಸ ಸಂಪರ್ಕಗಳಿಗೆಲ್ಲ ಒಂದೇ ಗುರುತು. ಸರ್ವರ್ ಕಕ್ಕಾಬಿಕ್ಕಿ.

"ಮಜಾ ಏನು ಗೊತ್ತಾ?" ಎಂದಳು. "ಮೊದಲಿಂದ ಓಡ್ತಾ ಇದ್ದ ಯಂತ್ರಗಳಿಗೆ ಏನೂ ಆಗಲಿಲ್ಲ. ಕೆಟ್ಟಿದ್ದು ಆಮೇಲೆ ಶುರು ಮಾಡಿದವು. ಏನೋ ತೊಂದರೆಯಂತೆ, ಒಂದ್ಸಲ ರೀಬೂಟ್ ಮಾಡಿ ನೋಡೋಣ ಅಂದವರೆಲ್ಲ ಹಳ್ಳಕ್ಕೆ ಬಿದ್ದರು. 1.8.7 ಬಂದ ಮೇಲೆ ಸರಿಹೋಯ್ತು. ಹಳೇ 1.6ಕ್ಕೆ ಈ ಕಾಟವೇ ಇರಲಿಲ್ಲ, ಆ ಕೋಡ್ ಅದರಲ್ಲಿ ಇಲ್ಲ."

ವಾಸು ಮಂಜನ ಕಡೆ ನೋಡಿದ ನೋಟ ನೋಡಬೇಕಿತ್ತು.

1.8.7ರ ಮುಂದಿನದನ್ನೇ ಹಾಕಬಹುದು, ಅದೂ ಒಂದು ವಾದ. ಆದರೆ ಹೊಸ ಕೋಡನ್ನು ಹದಿನಾರಾಣೆ ಹಳೆಯ ಜಿಸಿಸಿ 4.1 ಕಂಪೈಲರಿನ ಬಾಯಿಗೆ ಕೊಡುವುದು ಎಂದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ವ್ಯವಹಾರ. 1.6 ಬಳಕೆಯಲ್ಲಿದ್ದಾಗ ಸೆಂಟ್‌ಓಎಸ್ 5 ಕೂಡ ಬದುಕಿತ್ತು. ಎರಡನ್ನೂ ಜೋಡಿಸಿ ಓಡಿಸಿದವರು ಇದ್ದರು. 1.6ರ ಕೊನೆಕೊನೆಯ ಆವೃತ್ತಿಯೇ ಇರಲಿ ಅಂತ ತೀರ್ಮಾನವಾಯಿತು.

ನಾನು ಅಷ್ಟರಲ್ಲಿ ಒಂದು ಸುಲಭದ ದಾರಿ ಹೇಳಿದ್ದೆ. ನೆಟ್‌ವರ್ಕಿನಲ್ಲಿ ಫೈಲು ಹಂಚುವ ಎನ್‌ಎಫ್‌ಎಸ್‌ನ ಕ್ಲೈಂಟ್ ಆ ಹಳೇ ಕರ್ನಲ್ಲಿನಲ್ಲಿ ಹುಟ್ಟಿನಿಂದಲೇ ಇದೆ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಹೊರತಂದದ್ದು ಅದು. ಏನನ್ನೂ ಕಂಪೈಲ್ ಮಾಡಬೇಕಿಲ್ಲ. ಮಧ್ಯೆ ಒಂದು ಹೊಸ ಯಂತ್ರ ಇಡು. ಹಳೆಯದು ಎನ್‌ಎಫ್‌ಎಸ್ ಮೂಲಕ ಅದರ ಡಿಸ್ಕಿಗೆ ಬರೆಯಲಿ, ಹೊಸದು ಅಲ್ಲಿಂದ ಎತ್ತಿ ಎಎಫ್‌ಎಸ್‌ಗೆ ಹಾಕಲಿ. ನನ್ನನ್ನು ಕೇಳಿದರೆ ಈಗಲೂ ಅದೇ ಸರಿ. ಆದರೆ ವಾಸುವಿನ ಕಣ್ಣಲ್ಲಿ ಆಗಲೇ ಕಂಪೈಲರ್ ಕುಣಿಯುತ್ತಿತ್ತು. "ಆ ಮಧ್ಯದ ಯಂತ್ರ ಕೆಟ್ಟರೆ ಯಾರು ನೋಡ್ತಾರೆ?" ಎಂದ. ನೋಡುವವನು ಅವನೇ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

"ಏನಾದರೂ ಮಾಡ್ಕೋ, ಆ ಯಂತ್ರದಲ್ಲೇ ಕಂಪೈಲ್ ಮಾಡಬೇಡ," ಎಂದಳು ಗೀತಾ. "ನಿನ್ನ ಲ್ಯಾಪ್‌ಟಾಪಲ್ಲೂ ನೇರವಾಗಿ ಮಾಡಬೇಡ. ಹೊಸ ಗ್ಲಿಬ್‌ಸಿ ಲೈಬ್ರರಿ ಮೇಲೆ ಕಟ್ಟಿದ ಪ್ರೋಗ್ರಾಮ್ ಅಲ್ಲಿ ಏಳಲ್ಲ. ಅಲ್ಲಿರೋದು ಗ್ಲಿಬ್‌ಸಿ 2.5. ಒಂದು ವರ್ಚುವಲ್ ಮಶೀನಲ್ಲಿ, ಅಂದ್ರೆ ಲ್ಯಾಪ್‌ಟಾಪ್ ಒಳಗಿನ ನಕಲಿ ಕಂಪ್ಯೂಟರಲ್ಲಿ, ಅದೇ ಸೆಂಟ್‌ಓಎಸ್ 5 ಹಾಕು, ಅಲ್ಲಿ ಕಟ್ಟು, ತಯಾರಾದದ್ದನ್ನ ಮಾತ್ರ ಸಾಗಿಸು."

ವರ್ಚುವಲ್ ಮಶೀನ್ ಎದ್ದಿತು. ಎದ್ದ ಕೂಡಲೇ ಅದಕ್ಕೆ ಹೊರಗಿನ ಪ್ರಪಂಚ ಬೇಡವಾಗಿತ್ತು, ಅಥವಾ ಪ್ರಪಂಚಕ್ಕೆ ಅದು ಬೇಡವಾಗಿತ್ತು. ಗುಟ್ಟಿನ ಸಂಪರ್ಕಕ್ಕೆ ಅದರಲ್ಲಿದ್ದ ಓಪನ್‌ಎಸ್‌ಎಸ್‌ಎಲ್ 0.9.8 ಲೈಬ್ರರಿಗೆ ಟಿಎಲ್‌ಎಸ್ 1.2 ಅನ್ನುವ ಕಟ್ಟಳೆಯೇ ಗೊತ್ತಿಲ್ಲ. ಈಗಿನ ಬಹುಪಾಲು ವೆಬ್‌ಸೈಟುಗಳು ಅದಕ್ಕಿಂತ ಕಡಿಮೆಗೆ ಮಾತೇ ಆಡುವುದಿಲ್ಲ. ಪ್ಯಾಕೇಜುಗಳು ಇದ್ದ ಜಾಗದಲ್ಲಿ ಇಲ್ಲ, ಎಲ್ಲವನ್ನೂ ವಾಲ್ಟ್ ಅನ್ನುವ ಉಗ್ರಾಣಕ್ಕೆ ಸಾಗಿಸಿದ್ದಾರೆ. ಕೊನೆಗೆ ವಾಸು ತನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಇಳಿಸಿಕೊಂಡು ಒಳಗೆ ದಾಟಿಸಿದ.

ಕಟ್ಟುವ ಮೊದಲು ಕರ್ನಲ್ಲನ್ನು ಪರೀಕ್ಷಿಸುವ ಕಾನ್ಫಿಗರ್ ಓಡಿಸಿದಾಗ ನಮಗೆ ಒಳ್ಳೆ ಮನರಂಜನೆ. ಹನುಮಂತನ ಬಾಲದ ಹಾಗೆ ಸಾಲುಗಳು ಬರುತ್ತಲೇ ಇದ್ದವು. ಕರ್ನಲ್ಲಿಗೆ ಈ ಫಂಕ್ಷನ್ ಇದೆಯಾ? ಇಲ್ಲ. ಆ ಸ್ಟ್ರಕ್ಚರಿನಲ್ಲಿ ಈ ಮೆಂಬರ್ ಇದೆಯಾ? ಇದೆ. ಸುಮ್ಮನೆ ಹೆಡರ್ ಓದಿ ಕೇಳುವ ಪ್ರಶ್ನೆಗಳಲ್ಲ ಇವು. ಪ್ರತಿ ಪ್ರಶ್ನೆಗೂ ಒಂದು ಪುಟಾಣಿ ಮಾಡ್ಯೂಲ್ ಬರೆದು, ಕಂಪೈಲ್ ಮಾಡಿ, ಕಟ್ಟಿತೋ ಬಿದ್ದಿತೋ ಅಂತ ನೋಡಿ ಉತ್ತರ ಬರೆದುಕೊಳ್ಳುತ್ತದೆ. ಮನೆ ಒಡೆಯ ಯಾವ ಗೋಡೆ ಎಲ್ಲಿಟ್ಟಿದ್ದಾನೆ ಅಂತ ಕತ್ತಲಲ್ಲಿ ತಡವಿ ನೋಡುವ ಕೆಲಸ.

"ಇಷ್ಟು ಪ್ರಶ್ನೆ ನನ್ನ ಕೆಲಸದ ಇಂಟರ್‌ವ್ಯೂನಲ್ಲೂ ಕೇಳಿರಲಿಲ್ಲ," ಎಂದ ಮಂಜ.

ಕಟ್ಟುವ ಮೇಕ್ ಕಮಾಂಡ್ ಮುಗಿಯಿತು. ಮಾಡ್ಯೂಲ್ ಹುಟ್ಟಿತು. ಮುಂದಿನ ಸಲ ನಾವು ಸೇರಿದ್ದು ಆ ಹಳೇ ಯಂತ್ರದ ಎದುರಿಗೇ. ವಾಸು ರೂಟ್ ಆಗಿ, ಅಂದರೆ ಯಂತ್ರದ ಯಜಮಾನನಾಗಿ, ಮಾಡ್ಯೂಲನ್ನು ಕರ್ನಲ್ಲಿಗೆ ಹಾಕುವ ಇನ್ಸ್‌ಮಾಡ್ ಕಮಾಂಡ್ ಕೊಟ್ಟ. ಉತ್ತರ ಬಂತು: ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್.

"ನಾನು ಹೇಳಲಿಲ್ವಾ," ಎಂದ ಮಂಜ. ಅವನು ಏನೂ ಹೇಳಿರಲಿಲ್ಲ. ಆದರೂ ಆ ಮಾತು ಅವನ ನಾಲಿಗೆ ತುದಿಯಲ್ಲೇ ಇರುತ್ತದೆ.

ಗೀತಾ ಲಾಗ್ ತೆಗೆದಳು. ಸ್ಟ್ರಕ್ಟ್ ಮಾಡ್ಯೂಲ್ ಅನ್ನುವ ಸಿಂಬಲ್ಲಿನ ಆವೃತ್ತಿ ತಾಳೆಯಾಗುತ್ತಿಲ್ಲ ಅಂತಿತ್ತು. "ಕರ್ನಲ್ ನಂಬರ್ ಅದೇ ಇದೆ, ಒಂದಂಕಿ ಕೂಡ ಆಚೆ ಈಚೆ ಇಲ್ಲ!" ಎಂದು ವಾಸು ಗೋಳಾಡಿದ. ಗೀತಾ ಕರ್ನಲ್ ಹೆಸರು ತೋರಿಸುವ ಯುನೇಮ್ ಕೊಟ್ಟು ಪರದೆಯ ಮೇಲೆ ಬೆರಳಿಟ್ಟಳು. ನಂಬರಿನ ಬಾಲದಲ್ಲಿ ಮೂರಕ್ಷರ: ಪಿಎಇ. 32 ಬಿಟ್ ಕರ್ನಲ್ ನಾಲ್ಕು ಜಿಬಿಗಿಂತ ಜಾಸ್ತಿ ಮೆಮೊರಿ ಬಳಸಬೇಕಾದರೆ ಹಾಕುವ ಬೇರೆ ತಳಿ ಅದು. ವರ್ಚುವಲ್ ಮಶೀನಲ್ಲಿ ಇದ್ದದ್ದು ಮಾಮೂಲಿ ತಳಿ, ಅದರ ಹೆಡರ್ ಪ್ಯಾಕೇಜೂ ಬೇರೆ. ಪಿಎಇ ಹೆಡರ್ ಹಾಕಿ ಇನ್ನೊಮ್ಮೆ ಕಟ್ಟಬೇಕಾಯಿತು. ಪುಣ್ಯಕ್ಕೆ ಲ್ಯಾಪ್‌ಟಾಪ್ ಜೊತೆಯಲ್ಲೇ ಇತ್ತು.

ಈ ಸಲ ಮಾಡ್ಯೂಲ್ ಒಳಗೆ ಹೋಯಿತು. ಕರ್ನಲ್ ತನ್ನ ಮೈಲಿಗೆಯನ್ನು ಲಾಗಿನಲ್ಲಿ ಬರೆದುಕೊಂಡಿತು. ಇನ್ನು ಗುರುತು ಪರೀಕ್ಷಿಸುವ ಕರ್ಬೆರೋಸ್‌ನಿಂದ ಟಿಕೆಟ್ ತೆಗೆದುಕೊಂಡರೆ ಮುಗಿಯಿತು ಅಂತ ವಾಸು ಪಾಸ್‌ವರ್ಡ್ ಹೊಡೆದ. ಉತ್ತರ ಬಂತು: ಕ್ಲಾಕ್ ಸ್ಕ್ಯೂ ಟೂ ಗ್ರೇಟ್. ಗಡಿಯಾರ ತೀರಾ ತಾಳೆ ತಪ್ಪಿದೆ ಅಂತ.

ಮದರ್‌ಬೋರ್ಡಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಯಂತ್ರದ ಪ್ರಕಾರ ಇನ್ನೂ 2000ದ ಇಸವಿ. ಕರ್ಬೆರೋಸ್ ಸಾಮಾನ್ಯವಾಗಿ ಐದು ನಿಮಿಷದ ವ್ಯತ್ಯಾಸ ಸಹಿಸುತ್ತದೆ, ಇಲ್ಲಿ ವ್ಯತ್ಯಾಸ ವರ್ಷಗಟ್ಟಲೆ.

"ಅಂದ್ರೆ ನಿನ್ನ ಅಳತೆಯ ಫೈಲುಗಳ ಮೇಲೆಲ್ಲ ಇದೇ ತಾರೀಖಾ?" ಎಂದು ಕೇಳಿದೆ.

"ಫೈಲಿನ ಹೆಸರಲ್ಲಿ ನಾನೇ ತಾರೀಖು ಬರೀತೀನಿ," ಎಂದ ವಾಸು, ಅದೇನೋ ಹೆಚ್ಚುಗಾರಿಕೆ ಅನ್ನುವ ಹಾಗೆ.

ಗಡಿಯಾರ ಸರಿ ಮಾಡಿದ್ದಾಯಿತು. ಬೂಟ್ ಆದಾಗಲೆಲ್ಲ ಎನ್‌ಟಿಪಿ ಸರ್ವರಿಂದ ಸಮಯ ಕೇಳುವಂತೆ ಗೀತಾ ಬರೆದುಕೊಟ್ಟಳು. ಹಳೇ ಯಂತ್ರವನ್ನು ಹೀಗೆ ಬಯಲಲ್ಲಿ ಬಿಡಬಾರದು, ಫೈರ್‌ವಾಲ್ ಹಿಂದೆ ಇರಬೇಕು ಅಂತ ತಾಕೀತು ಮಾಡಿದಳು. ಯುಡಿಪಿ 7001 ಪೋರ್ಟ್ ಮಾತ್ರ ಮುಚ್ಚಬೇಡ, ಫೈಲ್ ಬದಲಾಯಿತು ಅಂತ ಸರ್ವರ್ ಕೂಗಿ ಹೇಳುವುದು ಆ ಬಾಗಿಲಲ್ಲೇ ಅಂದಳು. ಟಿಕೆಟ್ ಬಂತು, ಟೋಕನ್ ಬಂತು. ವಾಸು ಕೈ ಉಜ್ಜಿಕೊಂಡು ಎಎಫ್‌ಎಸ್ ಡೈರೆಕ್ಟರಿಗೆ, ಒಳಗೇನಿದೆ ಅಂತ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟ.

ಕರ್ಸರ್ ಅಲ್ಲೇ ಮಿನುಗುತ್ತಾ ನಿಂತಿತು. ಕಂಟ್ರೋಲ್ ಸಿ ಒತ್ತಿದ. ಅದಕ್ಕೂ ಜಗ್ಗಲಿಲ್ಲ.

"ಹೋಯ್ತು," ಎಂದ ಮಂಜ. ದನಿಯಲ್ಲಿ ಹಬ್ಬ.

"ಹೋಗಿಲ್ಲ, ಊರೂರು ಸುತ್ತುತ್ತಾ ಇದೆ," ಎಂದಳು ಗೀತಾ. "ಇಲ್ಲಿ ಎಲ್‌ಎಸ್ ಅಂದ್ರೆ ಬಣ್ಣದ ಎಲ್‌ಎಸ್. ಬಣ್ಣ ಹಚ್ಚಬೇಕಾದರೆ ಪ್ರತಿಯೊಂದು ಹೆಸರೂ ಏನು ಅಂತ ವಿಚಾರಿಸಬೇಕು. ಆ ಡೈರೆಕ್ಟರಿಯಲ್ಲಿ ಇರೋದು ಪ್ರಪಂಚದಲ್ಲಿರೋ ಎಎಫ್‌ಎಸ್ ತಾಣಗಳ ಪಟ್ಟಿ. ಒಂದೊಂದೇ ವಿಶ್ವವಿದ್ಯಾಲಯದ ಬಾಗಿಲು ತಟ್ಟಿ, ನೀವು ನೀಲಿನಾ, ಹಸಿರಾ ಅಂತ ಕೇಳ್ತಾ ಇದೆ. ಕೆಲವು ಎಂದೋ ಮುಚ್ಚಿಹೋಗಿವೆ. ಅವು ಉತ್ತರ ಕೊಡಲ್ಲ, ಇದು ಕಾಯೋದು ಬಿಡಲ್ಲ. ಕ್ಲೈಂಟ್ ಶುರು ಮಾಡೋ ಎಎಫ್‌ಎಸ್‌ಡಿಗೆ ಫೇಕ್‌ಸ್ಟ್ಯಾಟ್ ಅಂತ ಒಂದು ಆಪ್ಷನ್ ಇದೆ, ಹಾಕು. ಬಾಗಿಲು ತಟ್ಟದೆ ಎಲ್ಲವೂ ಡೈರೆಕ್ಟರಿಯೇ ಅಂತ ಸುಳ್ಳು ಹೇಳುತ್ತೆ."

ಸುಳ್ಳು ಹೇಳಿಸಿದ ಮೇಲೆ ಎಲ್ಲ ಸಲೀಸು. ಅಳತೆಯ ಫೈಲು ನೇರವಾಗಿ ಎಎಫ್‌ಎಸ್‌ಗೆ ಹೋಗಿ ಬಿತ್ತು. ನನ್ನ ಫೋನಿನಲ್ಲಿ ಅದರ ಸೈಜ್ ನೋಡಿ ತಾಳೆ ಹಾಕಿದೆವು.

ಮಂಜ ಸುಲಭಕ್ಕೆ ಸೋಲುವವನಲ್ಲ. "ಇವತ್ತು ಸರಿ. ನಾಳೆ ಕರ್ನಲ್ ಅಪ್‌ಡೇಟ್ ಆದರೆ? ಮತ್ತೆ ಕಟ್ಟು, ಮತ್ತೆ ಅಳು."

"ಅಪ್‌ಡೇಟ್ ಎಲ್ಲಿಂದ ಬರುತ್ತೋ?" ಎಂದ ವಾಸು. "2017ಕ್ಕೇ ನಿಂತಿದೆ. ಈ ಕರ್ನಲ್ ಇನ್ನು ಜನ್ಮದಲ್ಲಿ ಬದಲಾಗಲ್ಲ. ಈ ಮಾಡ್ಯೂಲೂ ಅಷ್ಟೇ. ನಿನ್ನ ಲ್ಯಾಪ್‌ಟಾಪಿನ ಕಥೆ ಹೇಳು."

ಮಂಜ ಸ್ವಲ್ಪ ಹೊತ್ತು ಫೋನ್ ನೋಡಿದ. ಆಮೇಲೆ ಮೆಲ್ಲಗೆ, "ಮೊನ್ನೆ ಅಪ್‌ಡೇಟ್ ಆದಮೇಲೆ ನನ್ನದರಲ್ಲಿ ಎಎಫ್‌ಎಸ್ ಬರ್ತಾ ಇಲ್ಲ. ಮಾಡ್ಯೂಲ್ ಕಂಪೈಲೇ ಆಗಲ್ಲ," ಎಂದ.

"ಅಷ್ಟು ಹೊಸ ಕರ್ನಲ್‌ಗೆ ಅವರಿನ್ನೂ ಕೋಡ್ ಸರಿ ಮಾಡಿರಲ್ಲ. ಹಿಂದಿನ ಕರ್ನಲ್‌ಗೆ ಬೂಟ್ ಮಾಡು, ಬರುತ್ತೆ," ಎಂದಳು ಗೀತಾ.

"ಹಿಂದಿನದಾ?" ಎಂದ ಮಂಜ. "ಅದನ್ನ ಅವತ್ತೇ ಅಳಿಸಿಬಿಟ್ಟೆ."